ಚರ್ಮವೆಂಬ ಬಂಡವಾಳ

'ಮುಖ ನೋಡಿ ಮಣೆ ಹಾಕು' ಎಂಬ ಮಾತು ನಮ್ಮಲ್ಲಿ ಬಹಳ ಹಳೆಯದು. ಮಣೆ ಹಾಕುವವರು ಮುಖದಲ್ಲಿ ನೋಡುವುದಾದರೂ ಏನನ್ನು? ಮನೆತನವನ್ನು, ಗುಣವನ್ನು, ಸಿರಿತನವನ್ನು ಎಂದು ಹೇಳಬಹುದು. ಆದರೆ ಮೊದಲು ಕಣ್ಣಿಗೆ ಬೀಳುವುದು ಚರ್ಮ. ಅದರ ಬಣ್ಣ, ನುಣುಪು, ಬಿಗುವು, ಸುಕ್ಕು ಇವುಗಳಿಂದಲೇ ನಾವು ಒಬ್ಬರ ವಯಸ್ಸನ್ನೂ ದುಡಿಮೆಯನ್ನೂ ಕ್ಷಣಾರ್ಧದಲ್ಲಿ ಅಳೆದುಬಿಡುತ್ತೇವೆ. ಹೀಗಿರುವಾಗ, ಜೋತುಬಿದ್ದ ಮುಖವನ್ನು ಮೇಲೆತ್ತಿ ಬಿಗಿಸುವ ಶಸ್ತ್ರಕ್ರಿಯೆಯೊಂದು ಹುಟ್ಟಿಕೊಂಡು, ಲಕ್ಷಗಟ್ಟಲೆ ರೂಪಾಯಿ ಸುರಿದು ಅದನ್ನು ಮಾಡಿಸಿಕೊಳ್ಳುವವರು ನಮ್ಮ ದೇಶದ ದೊಡ್ಡ ಪಟ್ಟಣಗಳಲ್ಲಿಯೂ ಇದ್ದಾರೆಂದರೆ ಆಶ್ಚರ್ಯಪಡಬೇಕಾದುದಿಲ್ಲ. ಫೇಸ್‌ಲಿಫ್ಟ್ ಎಂದು ಅದರ ಹೆಸರು.

ಕಲಘಟಗಿ ತಾಲೂಕಿನ ತಂಬೂರಿನಂಥ ಹಳ್ಳಿಯಿಂದ ಬಂದು ಕಲಾ ವಿಭಾಗದಲ್ಲಿ ಓದುತ್ತಿರುವವಳಿಗೆ ಈ ಶ್ರೀಮಂತರ ಶಸ್ತ್ರಕ್ರಿಯೆಯ ಗೊಡವೆ ಏಕೆ ಎಂದು ಯಾರಾದರೂ ಕೇಳಿಯಾರು. ತಂಬೂರಿನಲ್ಲಿ ಯಾರೂ ಮುಖ ಎತ್ತಿಸಿಕೊಂಡವರಿಲ್ಲ ಎಂಬುದು ನಿಜ. ಆದರೆ ಆ ಶಸ್ತ್ರವೈದ್ಯನು ಕತ್ತಿ ಹಿಡಿಯುವ ಮೊದಲು ಕೇಳಿಕೊಳ್ಳುವ ಪ್ರಶ್ನೆ ನಮಗೂ ಸಂಬಂಧಿಸಿದ್ದು: ಈ ಮುಖದ ಚರ್ಮ ಎಷ್ಟು ದಪ್ಪ, ಎಂಥ ಗುಣದ್ದು? ಕತ್ತಿಯು ಚರ್ಮವನ್ನು ಸರಿಸಬಲ್ಲದು, ಬಿಗಿಸಬಲ್ಲದು, ಹೊಸದಾಗಿ ಹುಟ್ಟಿಸಲಾರದು. ಎಂಥ ನಿಪುಣನಾದರೂ ಇದ್ದ ಬಂಡವಾಳದ ಮೇಲೆಯೇ ವ್ಯವಹಾರ ಮಾಡಬೇಕು. ಆ ಬಂಡವಾಳವನ್ನೇ ನಮ್ಮ ಹಳ್ಳಿಗಳ ಹುಡುಗಿಯರು, ಈಗೀಗ ಹುಡುಗರು ಸಹ, ಬೆಳ್ಳಗಾಗುವ ಆಸೆಯಿಂದ ಒಂದು ಸಣ್ಣ ಮುಲಾಮಿನ ನಳಿಗೆಗೆ ತೆತ್ತು ಕೂಡುತ್ತಿದ್ದಾರೆಂಬುದು ನನ್ನ ಆತಂಕ. ಈ ಎರಡು ಮಾತುಗಳನ್ನು ಕೂಡಿಸಿ ಹೇಳುವ ಸಲುವಾಗಿಯೇ ಈ ಬರಹ.

ಮೊದಲು ಚರ್ಮದ ರಚನೆಯನ್ನು ಸ್ವಲ್ಪ ನೋಡೋಣ. ಚರ್ಮಕ್ಕೆ ಮುಖ್ಯವಾಗಿ ಎರಡು ಪದರುಗಳು. ಮೇಲಿನದು ಹೊರಚರ್ಮ. ಮುಖದ ಮೇಲೆ ಅದರ ದಪ್ಪ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ಮಾತ್ರ. ಅದರ ಕೆಳಗಿನದು ಒಳಚರ್ಮ. ಚರ್ಮದ ಕಸುವೆಲ್ಲ ಇರುವುದು ಇಲ್ಲಿಯೇ. ಕೊಲಾಜೆನ್ ಎಂಬ ಗಟ್ಟಿ ಎಳೆಗಳೂ ಇಲಾಸ್ಟಿನ್ ಎಂಬ ಹಿಗ್ಗಿ ಕುಗ್ಗುವ ಎಳೆಗಳೂ ಹೆಣೆದುಕೊಂಡು ಈ ಪದರಾಗಿದೆ. ಮೊದಲನೆಯವು ಬಲವನ್ನು ಕೊಡುತ್ತವೆ. ಎರಡನೆಯವು ಜಗ್ಗಿದ ಚರ್ಮವನ್ನು ಮರಳಿ ಅದರ ಸ್ಥಳಕ್ಕೆ ತರುತ್ತವೆ. ಒಬ್ಬರದೇ ಮೈಮೇಲೆ ಸಹ ಚರ್ಮದ ದಪ್ಪ ಒಂದೇ ತೆರನಾಗಿಲ್ಲ. ಕಣ್ಣರೆಪ್ಪೆಯದು ಅರ್ಧ ಮಿಲಿಮೀಟರಿನ ಆಸುಪಾಸು, ಕೆನ್ನೆಯದು ಅದಕ್ಕಿಂತ ದಪ್ಪ, ಬೆನ್ನಿನದು ಅದಕ್ಕೆ ಹಲವು ಪಟ್ಟು. ಪ್ರಾಯಕ್ಕೆ ಬಂದ ಮೇಲೆ ಒಳಚರ್ಮದ ಕೊಲಾಜೆನ್ ವರ್ಷಕ್ಕೆ ನೂರಕ್ಕೆ ಸುಮಾರು ಒಂದರಂತೆ ಕಡಿಮೆಯಾಗುತ್ತ ಹೋಗುತ್ತದೆ. ಹೆಂಗಸರಲ್ಲಿ ಮುಟ್ಟು ನಿಂತ ಬಳಿಕ ಕೆಲವು ವರ್ಷ ಈ ಇಳಿತ ಇನ್ನೂ ತೀವ್ರ.

ಇನ್ನು ಶಸ್ತ್ರಕ್ರಿಯೆಯ ಮಾತು. ಅದನ್ನು ತಿಳಿಯಲು ನಮ್ಮ ಮನೆಯ ಕೌದಿಯನ್ನು ನೆನೆದರೆ ಸಾಕು. ಕೌದಿಯ ಒಳಗೆ ಹಳೆಯ ಸೀರೆ, ಧೋತರಗಳ ಪದರು. ಮೇಲೆ ಚೆಂದದ ಅರಿವೆ. ಬಹಳ ದಿನ ಹೊದ್ದು, ಒಗೆದು ಆದ ಮೇಲೆ ಒಳಪದರು ಜಾರಿ ಒಂದು ಕಡೆಗೆ ಗುಂಪುಗೂಡುತ್ತದೆ, ಮೇಲಿನ ಅರಿವೆ ಜೋಲುತ್ತದೆ. ಆಗ ಮೇಲರಿವೆಯ ಅಂಚನ್ನಷ್ಟೇ ಜಗ್ಗಿ ಹೊಲಿದರೆ ನಾಲ್ಕು ದಿನ ನೆಟ್ಟಗೆ ಕಂಡೀತು. ಆಮೇಲೆ ಹೊಲಿಗೆ ಬಿದ್ದಲ್ಲಿ ಅರಿವೆ ಪಿಸಿದುಹೋಗುತ್ತದೆ. ತಿಳಿದ ಮುದುಕಿಯಾದರೆ ಮೊದಲು ಒಳಪದರನ್ನು ಸರಿಪಡಿಸಿ, ಅದಕ್ಕೆ ಹೊಲಿಗೆ ಹಾಕಿ ನಿಲ್ಲಿಸಿ, ಮೇಲರಿವೆಯನ್ನು ಅದರ ಮೇಲೆ ಹಗುರಾಗಿ ಹಾಸುತ್ತಾಳೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬರ್ಲಿನ್, ಪ್ಯಾರಿಸ್ ಮೊದಲಾದ ಕಡೆ ಈ ಶಸ್ತ್ರಕ್ರಿಯೆ ತಲೆದೋರಿದಾಗ ವೈದ್ಯರು ಮಾಡುತ್ತಿದ್ದುದು ಮೊದಲನೆಯ ನಮೂನೆಯದು. ಕಿವಿಯ ಬಳಿ ಚರ್ಮದ ತುಣುಕನ್ನು ಕತ್ತರಿಸಿ ಉಳಿದುದನ್ನು ಜಗ್ಗಿ ಹೊಲಿಯುತ್ತಿದ್ದರು. ಒಳಗಿನ ಪದರಿನಿಂದಲೇ ಎತ್ತುವ ಮಾರ್ಗವನ್ನು ಸ್ವೀಡನ್ನಿನ ಸ್ಕೂಗ್ 1974ರಲ್ಲಿ ಪ್ರಕಟಿಸಿದ. 1976ರಲ್ಲಿ ಮಿತ್ಸ್ ಮತ್ತು ಪೆಯ್ರೋನಿ ಎಂಬ ಫ್ರೆಂಚ್ ವೈದ್ಯರು ಕೆನ್ನೆಯ ಚರ್ಮದ ಕೆಳಗೆ ಸ್ನಾಯುಗಳನ್ನು ಹೊದೆದಿರುವ ನಾರುಪದರೊಂದನ್ನು ವಿವರವಾಗಿ ಬಣ್ಣಿಸಿದರು. ಸ್ಮಾಸ್ ಎಂದು ಅದನ್ನು ಚಿಕ್ಕದಾಗಿ ಕರೆಯುತ್ತಾರೆ. ಅಂದಿನಿಂದ ಜಗ್ಗುವ ಭಾರವನ್ನು ಈ ಒಳಪದರಿಗೆ ಹೊರಿಸುವುದು ರೂಢಿಯಾಯಿತು.

ಆದರೆ ಒಳಪದರನ್ನು ಎಷ್ಟೇ ಚೆನ್ನಾಗಿ ಎತ್ತಿದರೂ ಅದರ ಮೇಲೆ ಹಾಸುವುದು ಚರ್ಮವನ್ನೇ ಅಷ್ಟೆ. ಚರ್ಮ ತೀರ ತೆಳುವಾಗಿದ್ದರೆ ಅದು ಸುಲಭವಾಗಿ ಹೊಂದಿಕೊಳ್ಳುತ್ತದೆ, ನಿಜ. ಆದರೆ ಒಳಗಿನ ಒಂದೊಂದು ಏರುತಗ್ಗೂ ಹೊರಗೆ ಕಾಣುತ್ತದೆ. ಬಿಗಿಸುವಲ್ಲಿ ಸ್ವಲ್ಪ ಹೆಚ್ಚಾದರೆ ಗಾಳಿಗೆ ಎದುರಾಗಿ ನಿಂತವರ ಮುಖದಂತೆ ತೋರುತ್ತದೆ. ಇಲಾಸ್ಟಿನ್ ಹಾಳಾಗಿದ್ದರೆ ಕೆಲವು ವರ್ಷಗಳಲ್ಲಿಯೇ ಮತ್ತೆ ಸಡಿಲುತ್ತದೆ. ದಪ್ಪ ಚರ್ಮಕ್ಕೆ ಸಣ್ಣ ಸುಕ್ಕುಗಳು ಕಡಿಮೆ, ಹೊಲಿಗೆಯನ್ನು ಅದು ಗಟ್ಟಿಯಾಗಿ ಹಿಡಿಯುತ್ತದೆ, ಒಳಗಿನ ಕೊರತೆಯನ್ನು ಮುಚ್ಚುತ್ತದೆ. ಆದರೆ ಅದರ ತೂಕ ಹೆಚ್ಚು. ಮೂಗು ಬಾಯಿಗಳ ನಡುವೆ ಆಳವಾದ ಮಡಿಕೆಯಾಗಿ ಇಳಿಯುವುದು ಅದೇ. ಎತ್ತಿದ ಮೇಲೆಯೂ ದವಡೆಯ ಗೆರೆ ನಿಚ್ಚಳವಾಗಿ ಮೂಡುವುದಿಲ್ಲ. ಆದುದರಿಂದ ತೆಳುವೇ ಮೇಲು, ದಪ್ಪವೇ ಮೇಲು ಎಂದು ಹೇಳಲು ಬರುವಂತಿಲ್ಲ. ಚರ್ಮದ ಆರೋಗ್ಯ ಮುಖ್ಯ. ಇನ್ನೊಂದು ಮಾತನ್ನೂ ಮರೆಯಬಾರದು. ಸಣ್ಣ ಗೆರೆಗಳು, ಕಲೆಗಳು, ಬಂಗು, ಒರಟುತನ ಇವಾವುವೂ ಈ ಶಸ್ತ್ರಕ್ರಿಯೆಯಿಂದ ಹೋಗುವುದಿಲ್ಲ. ಅವು ಚರ್ಮದೊಳಗಿನ ದೋಷಗಳು. ಜಗ್ಗಿದ ಮಾತ್ರಕ್ಕೆ ಅಳಿಯುವಂಥವಲ್ಲ.

ಚರ್ಮದ ಗುಣವನ್ನು ಅರಿತು ಮುಖವನ್ನು ತಿದ್ದುವ ವಿದ್ಯೆ ಪಶ್ಚಿಮದಿಂದ ಬಂದ ಹೊಸ ವಿದ್ಯೆಯೆಂದು ಯಾರೂ ತಿಳಿಯಬೇಕಾಗಿಲ್ಲ. ಕೆನ್ನೆಯ ಚರ್ಮದಿಂದ ಮೂಗನ್ನು ಕಟ್ಟುವ ಕ್ರಮ ಸುಶ್ರುತ ಸಂಹಿತೆಯಲ್ಲಿಯೇ ಇದೆ. ಯುರೋಪಿನವರ ಕಣ್ಣು ತೆರೆಯಿಸಿದ ಪ್ರಸಂಗಕ್ಕಂತೂ ನಮ್ಮ ಕರ್ನಾಟಕದ ನೆಲದ ನಂಟಿದೆ. ಇಂಗ್ಲಿಷರಿಗೂ ಟೀಪೂ ಸುಲ್ತಾನನಿಗೂ ನಡೆದ ಮೂರನೆಯ ಮೈಸೂರು ಯುದ್ಧದಲ್ಲಿ ಧಾರವಾಡದ ಕೋಟೆಗೆ 1790-91ರಲ್ಲಿ ಮುತ್ತಿಗೆ ಬಿದ್ದುದು ನಮಗೆಲ್ಲ ಗೊತ್ತು. ಅದೇ ಯುದ್ಧದ ಕೊನೆಗೆ, 1792ರಲ್ಲಿ, ಇಂಗ್ಲಿಷ್ ಸೈನ್ಯದ ಎತ್ತಿನ ಬಂಡಿ ಹೊಡೆಯುತ್ತಿದ್ದ ಕಾವಸಜಿ ಎಂಬವನು ಟೀಪೂವಿನ ಕಡೆಯವರಿಗೆ ಸೆರೆಸಿಕ್ಕು ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ಮುಂದೆ ಪುಣೆಯ ಕಡೆಯ ಒಬ್ಬ ಇಟ್ಟಿಗೆ ಸುಡುವ ಜಾತಿಯವನು ಅವನಿಗೆ ಹೊಸ ಮೂಗನ್ನು ಮಾಡಿಕೊಟ್ಟ. ಮೇಣದಲ್ಲಿ ಮೂಗಿನ ಅಚ್ಚು ಮಾಡಿ, ಅದನ್ನು ಚಪ್ಪಟೆಗೊಳಿಸಿ ಹಣೆಯ ಮೇಲಿಟ್ಟು ಗೆರೆ ಎಳೆದು, ಅಷ್ಟು ಚರ್ಮವನ್ನು ಬಿಡಿಸಿ, ಹುಬ್ಬುಗಳ ನಡುವೆ ಒಂದು ತೊಟ್ಟನ್ನು ಮಾತ್ರ ಉಳಿಸಿ, ತಿರುವಿ ಮೂಗಿನ ಮೇಲೆ ಕೂಡಿಸಿದ. ಆ ತೊಟ್ಟನ್ನು ಕತ್ತರಿಸಿದ್ದು ಸುಮಾರು 25 ದಿನಗಳ ಮೇಲೆ. ಈ ವೃತ್ತಾಂತ 1794ರ ಅಕ್ಟೋಬರಿನಲ್ಲಿ ಲಂಡನ್ನಿನ ಜಂಟಲ್ಮನ್ಸ್ ಮ್ಯಾಗಜಿನ್ ಪತ್ರಿಕೆಯಲ್ಲಿ ಅಚ್ಚಾಯಿತು. ಅದನ್ನು ಆಧಾರವಾಗಿಟ್ಟುಕೊಂಡು ಕಾರ್ಪ್ಯೂ ಎಂಬ ಶಸ್ತ್ರವೈದ್ಯ 1814ರಲ್ಲಿ ಇಂಗ್ಲೆಂಡಿನಲ್ಲಿ ಅದೇ ಶಸ್ತ್ರಕ್ರಿಯೆಯನ್ನು ಮಾಡಿದ.

ಆ ಇಟ್ಟಿಗೆಯವನು ತೊಟ್ಟನ್ನು ಉಳಿಸಿದ್ದು ಏಕೆ? ಚರ್ಮ ಬದುಕುವುದು ರಕ್ತದಿಂದ. ರಕ್ತ ಬರುವ ದಾರಿಯನ್ನು ಕಡಿದರೆ ಅದು ಕರಗಿ ಕಪ್ಪಾಗಿ ಉದುರುತ್ತದೆ ಎಂಬುದು ಅವನಿಗೆ ಪರಂಪರೆಯಿಂದ ಬಂದ ತಿಳಿವಳಿಕೆ. ಇಂದಿನ ಫೇಸ್‌ಲಿಫ್ಟಿಗೂ ಇದೇ ನಿಯಮ. ಕೆನ್ನೆಯ ಚರ್ಮವನ್ನು ಕಿವಿಯ ಬಳಿಯಿಂದ ಬಿಡಿಸಿ ಎತ್ತಿದಾಗ ಅದರ ಜೀವವೆಲ್ಲ ಒಳಚರ್ಮಕ್ಕೆ ತಾಗಿದ ಸಣ್ಣ ರಕ್ತನಾಳಗಳ ಜಾಲದ ಮೇಲೆ ನಿಂತಿರುತ್ತದೆ. ಹೊಗೆಬತ್ತಿ ಸೇದುವವರಲ್ಲಿ ಈ ನಾಳಗಳು ಕುಗ್ಗಿರುತ್ತವೆ. ಫೇಸ್‌ಲಿಫ್ಟ್ ಮಾಡಿಸಿಕೊಂಡವರಲ್ಲಿ ಹೀಗೆ ಚರ್ಮ ಸತ್ತು ಉದುರುವ ಅಪಾಯವು ಸೇದದವರಿಗಿಂತ ಸೇದುವವರಿಗೆ ಸುಮಾರು 12 ಪಟ್ಟು ಹೆಚ್ಚೆಂದು ಅಮೇರಿಕೆಯ ಶಸ್ತ್ರವೈದ್ಯ ಥಾಮಸ್ ರೀಸ್ ಮತ್ತು ಅವನ ಸಂಗಡಿಗರು 1984ರಲ್ಲಿ ತೋರಿಸಿಕೊಟ್ಟರು. ಅದಕ್ಕೆಂತಲೇ ಶಸ್ತ್ರಕ್ರಿಯೆಯ ಮೊದಲೂ ಅನಂತರವೂ ಕೆಲವು ವಾರ ಹೊಗೆ ಬಿಡಬೇಕೆಂದು ವೈದ್ಯರು ಹಟ ಹಿಡಿಯುತ್ತಾರೆ. ಬಸ್ ನಿಲ್ದಾಣದ ಮೂಲೆಯಲ್ಲಿ ನಿಂತು ಬೀಡಿ ಸೇದುವ ನಮ್ಮ ಸಹಪಾಠಿಗಳು ಇದನ್ನು ಗಮನಿಸಬೇಕು. ಮುಖ ಎತ್ತಿಸಿಕೊಳ್ಳುವ ಯೋಗ ಅವರಿಗೆ ಬಾರದಿರಬಹುದು. ಗಾಯವೊಂದು ಮಾಯುವ ಪ್ರಸಂಗ ಯಾರಿಗೂ ತಪ್ಪಿದ್ದಲ್ಲ.

ಹೊಗೆಗಿಂತ ದೊಡ್ಡ ಶತ್ರು ಬಿಸಿಲು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿಯೇ ಜರ್ಮನಿಯ ಉನ್ನಾ ಎಂಬ ವೈದ್ಯ ನಾವಿಕರ ಚರ್ಮದಲ್ಲಿ ಬಿಸಿಲು ಗಾಳಿಗಳು ಮಾಡುವ ಹಾನಿಯನ್ನು ಗುರುತಿಸಿದ್ದ. ಫ್ರಾನ್ಸಿನ ದ್ಯುಬ್ರೇಯ್ ಅದನ್ನು ದ್ರಾಕ್ಷಿ ತೋಟಗಳ ಕೂಲಿಗಳಲ್ಲಿ ಕಂಡ. ಅಂದರೆ ಈ ಶಾಸ್ತ್ರದ ಮೊದಲ ಪಾಠ ಸಿಕ್ಕಿದ್ದು ಕೃಷಿ ಕಾರ್ಮಿಕರ ಮುಖಗಳಲ್ಲಿ. ಬಿಸಿಲಿನ ಕಣ್ಣಿಗೆ ಕಾಣದ ಕಿರಣಗಳು ಒಳಚರ್ಮದವರೆಗೆ ಇಳಿದು ಕೊಲಾಜೆನ್ನನ್ನು ಕಡಿಯುತ್ತವೆ, ಇಲಾಸ್ಟಿನ್ನನ್ನು ಮುದ್ದೆಗಟ್ಟಿಸುತ್ತವೆ. ಆಗ ಚರ್ಮ ನೋಡಲು ದಪ್ಪವಾಗಿ, ಆಳವಾದ ಗೆರೆಗಳಿಂದ ಕೂಡಿ ತೋರಿದರೂ ಅದರಲ್ಲಿ ಕಸುವಿರುವುದಿಲ್ಲ. 28 ವರ್ಷ ಲಾರಿ ನಡೆಯಿಸಿದ ಅಮೇರಿಕೆಯ ಒಬ್ಬ ಚಾಲಕನ ಭಾವಚಿತ್ರ 2012ರಲ್ಲಿ ಅಲ್ಲಿಯ ಪ್ರಸಿದ್ಧ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಕಿಟಕಿಯ ಕಡೆಗಿದ್ದ ಅವನ ಎಡಗೆನ್ನೆ ಬಲಗೆನ್ನೆಗಿಂತ ಹಲವು ವರ್ಷ ಮುಪ್ಪಾಗಿತ್ತು. ಕಿಟಕಿಯ ಗಾಜು ಕೂಡ ಆ ಕಿರಣಗಳನ್ನು ತಡೆದಿರಲಿಲ್ಲ. ನಮ್ಮಲ್ಲಿಯಾದರೆ ಚಾಲಕನ ಬಲಗೆನ್ನೆಗೆ ಆ ಗತಿ. ಭತ್ತದ ಗದ್ದೆಯಲ್ಲಿ ಕಳೆ ಕೀಳುವ, ಗೋವಿನಜೋಳದ ತೆನೆ ಮುರಿಯುವ ನಮ್ಮ ತಾಯಂದಿರಿಗೋ ಗಾಜಿನ ಮರೆಯೂ ಇಲ್ಲ, ಒಂದೇ ಕೆನ್ನೆಯ ಪ್ರಶ್ನೆಯೂ ಇಲ್ಲ.

ಇಷ್ಟಾದರೂ ನಮ್ಮವರ ಮುಖಗಳು ಬಿಳಿಯರ ಮುಖಗಳಷ್ಟು ಬೇಗ ಸುಕ್ಕುಗಟ್ಟುವುದಿಲ್ಲ. ಕಾರಣ, ನಮ್ಮ ಚರ್ಮದ ಬಣ್ಣ. ಮೆಲಾನಿನ್ ಎಂಬ ಕಪ್ಪು ವರ್ಣದ ಕಣಗಳು ಬಿಸಿಲಿನ ಕಿರಣಗಳನ್ನು ಮೇಲೆಯೇ ತಡೆಹಿಡಿಯುತ್ತವೆ. ಯಾವ ಬಣ್ಣವನ್ನು ನಾವು ಕನ್ನಡಿಯ ಮುಂದೆ ನಿಂತು ಶಪಿಸುತ್ತೇವೆಯೋ ಅದೇ ನಮಗೆ ಹುಟ್ಟಿನಿಂದ ಬಂದ ಕೊಡೆ. ಈ ಬಣ್ಣಕ್ಕೆ ತನ್ನದೇ ಆದ ತೊಡಕೂ ಉಂಟು. ಕಿವಿ ಚುಚ್ಚಿಸಿಕೊಂಡಲ್ಲಿ ಗಂಟು ಬೆಳೆದವರನ್ನು ನಾವೆಲ್ಲ ಊರಲ್ಲಿ ನೋಡಿದ್ದೇವೆ. ಕೀಲಾಯ್ಡ್ ಎಂಬ ಈ ಗಂಟು ಕಪ್ಪು ಚರ್ಮದವರಲ್ಲಿ ಹೆಚ್ಚು. ಫೇಸ್‌ಲಿಫ್ಟಿನ ಗಾಯದ ಗೆರೆ ಹಾಯುವುದೂ ಕಿವಿಯ ಸುತ್ತಲೇ. ಗಾಯ ಮಾಯ್ದ ಮೇಲೆ ಅಲ್ಲಿ ಕಪ್ಪು ಕಲೆ ಉಳಿಯುವ ಸಂಭವವೂ ನಮ್ಮಲ್ಲಿ ಹೆಚ್ಚು. ಆದುದರಿಂದ ಬಿಳಿಯರ ಮುಖಗಳ ಚಿತ್ರ ತೋರಿಸಿ ಮಾಡುವ ಜಾಹೀರಾತುಗಳನ್ನು ನೋಡಿ ಮರುಳಾಗುವವರು ಮೊದಲು ತಮ್ಮ ಚರ್ಮದ ಜಾತಕವನ್ನು ಬಲ್ಲವರಿಂದ ಕೇಳಿಕೊಳ್ಳುವುದು ಲೇಸು.

ಈಗ ಮುಲಾಮಿನ ಮಾತಿಗೆ ಬರುತ್ತೇನೆ. ಹೈಡ್ರೊಕಾರ್ಟಿಸೋನ್ ಎಂಬ ಸ್ಟೆರಾಯ್ಡನ್ನು ಚರ್ಮಕ್ಕೆ ಹಚ್ಚಿ ಗುಣ ಕಂಡದ್ದು 1952ರಲ್ಲಿ. ಇಸಬು ಮೊದಲಾದ ರೋಗಗಳಿಂದ ನರಳುತ್ತಿದ್ದವರಿಗೆ ಅದೊಂದು ವರವಾಯಿತೆಂಬುದರಲ್ಲಿ ಸಂದೇಹವಿಲ್ಲ. ಅನಂತರ ಬೀಟಾಮೆಥಸೋನ್, ಕ್ಲೊಬೆಟಸಾಲ್, ಮೊಮೆಟಸೋನ್ ಎಂದು ಅದಕ್ಕಿಂತ ಪ್ರಬಲವಾದವು ಬಂದವು. ವೈದ್ಯರು ಹೇಳಿದ ಜಾಗಕ್ಕೆ, ಹೇಳಿದಷ್ಟು ದಿನ ಹಚ್ಚಿದರೆ ಇವು ಒಳ್ಳೆಯ ಔಷಧಗಳೇ. ಆದರೆ ಇವುಗಳಿಗೆ ಬಣ್ಣವನ್ನು ತಿಳಿಗೊಳಿಸುವ ಗುಣವೂ ಇದೆ. ಬಂಗಿನ ಚಿಕಿತ್ಸೆಗಾಗಿ ಸ್ಟೆರಾಯ್ಡ್, ಹೈಡ್ರೊಕ್ವಿನೋನ್, ಟ್ರೆಟಿನಾಯಿನ್ ಮೂರನ್ನೂ ಕೂಡಿಸಿದ ಮುಲಾಮುಗಳು ಇವೆ. ಅವನ್ನು ಬೆಳ್ಳಗಾಗುವ ಕ್ರೀಮೆಂದು ತಿಳಿದು ತಿಂಗಳುಗಟ್ಟಲೆ ಮುಖಕ್ಕೆ ಬಳಿದುಕೊಳ್ಳುವವರು ಊರೂರಿಗೂ ಇದ್ದಾರೆ. ಮೊದಲ ಕೆಲವು ವಾರ ಮುಖ ತಿಳಿಯಾಗಿ ಹೊಳೆಯುತ್ತದೆ. ಆಮೇಲೆ ಒಳಚರ್ಮದಲ್ಲಿ ಕೊಲಾಜೆನ್ನಿನ ಉತ್ಪತ್ತಿ ಕುಗ್ಗುತ್ತದೆ, ಚರ್ಮ ತೆಳುವಾಗುತ್ತದೆ, ಕೆಂಪು ನಾಳಗಳು ಹೊರಗೆ ಕಾಣುತ್ತವೆ, ಮೊಡವೆ ಏಳುತ್ತವೆ, ಕೆನ್ನೆಯ ಮೇಲೆ ಕೂದಲು ಸಹ ಬೆಳೆಯುತ್ತವೆ. ಹಚ್ಚುವುದನ್ನು ಬಿಟ್ಟರೆ ಉರಿ ಹೆಚ್ಚಾಗುವುದರಿಂದ ಮತ್ತೆ ಹಚ್ಚುತ್ತಾರೆ. ಚಟವೆಂದರೆ ಇದೇ ಅಲ್ಲವೆ?

ನಮ್ಮ ಊರಿನ ಕಡೆಯ ಒಬ್ಬ ಹುಡುಗಿಯನ್ನು ನಾನು ಬಲ್ಲೆ. ವರನ ಕಡೆಯವರು ನೋಡಲು ಬರುವರೆಂದು ನಾಲ್ಕು ತಿಂಗಳು ಮೊದಲಿನಿಂದ ಒಂದು ನಳಿಗೆಯ ಮುಲಾಮು ಹಚ್ಚತೊಡಗಿದಳು. ಚೀಟಿಯನ್ನು ಯಾರೂ ಕೇಳಲಿಲ್ಲ. ಗೆಳತಿ ಹೇಳಿದಳು, ಅಂಗಡಿಯಲ್ಲಿ ಕೊಟ್ಟರು. ಬಂದವರು ಒಪ್ಪಿಕೊಂಡು ಹೋದದ್ದೂ ಆಯಿತು. ಮದುವೆಯ ಹೊತ್ತಿಗೆ ಅವಳು ಹೊಲಕ್ಕೆ ಹೋಗುವುದನ್ನೇ ಬಿಟ್ಟಿದ್ದಳು. "ಅಕ್ಕಾ, ಬಿಸಿಲಿಗೆ ಹೊಂಟರ ಮುಖಕ್ಕ ಖಾರಾ ಹಚ್ಚಿಧಂಗ ಆಗ್ತೈತಿ" ಎಂದು ನನ್ನ ಮುಂದೆ ಅತ್ತಳು. ಅವಳ ವಯಸ್ಸು ಇಪ್ಪತ್ತು. ಯಾವ ತೆಳುವನ್ನು ಕಂಡು ಶಸ್ತ್ರವೈದ್ಯನು ಅರವತ್ತರ ಮುಖದಲ್ಲಿ ಅಂಜುತ್ತಾನೆಯೋ ಅದನ್ನು ಆ ಹುಡುಗಿ ಇಪ್ಪತ್ತರಲ್ಲಿಯೇ ದುಡ್ಡು ಕೊಟ್ಟು ತಂದುಕೊಂಡಿದ್ದಳು. ಬೇಗನೆ ಚಿಕಿತ್ಸೆ ಸಿಕ್ಕರೆ ಇಂಥ ಚರ್ಮ ಕೆಲಮಟ್ಟಿಗೆ ಚೇತರಿಸಿಕೊಳ್ಳುತ್ತದೆ. ಎಲ್ಲವೂ ಮರಳಿ ಬರುತ್ತದೆಂಬ ಭರವಸೆಯಿಲ್ಲ.

ಇದು ಒಬ್ಬಳ ಕಥೆಯಲ್ಲ. ಭಾರತದ ಹಲವು ನಗರಗಳ ಚರ್ಮವೈದ್ಯರು ಕೂಡಿ ಮಾಡಿ 2011ರಲ್ಲಿ ಪ್ರಕಟಿಸಿದ ಪರಿಶೀಲನೆಯಲ್ಲಿ, ಮುಖದ ಚರ್ಮರೋಗವೆಂದು ಬಂದ 2926 ಮಂದಿಯಲ್ಲಿ 433 ಮಂದಿ ಸ್ಟೆರಾಯ್ಡ್ ಮುಲಾಮು ಹಚ್ಚುತ್ತಿದ್ದವರು. ಅವರಲ್ಲಿ 126 ಮಂದಿಗೆ ಅದು ಬೆಳ್ಳಗಾಗುವ ಅಥವಾ ದಿನನಿತ್ಯದ ಕ್ರೀಮು. ಅರ್ಧಕ್ಕಿಂತ ಹೆಚ್ಚು ಜನಕ್ಕೆ ಅದನ್ನು ಹೇಳಿಕೊಟ್ಟವರು ವೈದ್ಯರೇ ಅಲ್ಲ. ಕೇಂದ್ರ ಸರಕಾರ 2018ರ ಮಾರ್ಚಿಯಲ್ಲಿ ಇಂಥ 14 ಸ್ಟೆರಾಯ್ಡುಗಳ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ಗೊತ್ತುಪಡಿಸಿತು. ಕಾಯದೆ ಬಂದಿತು, ಒಳ್ಳೆಯದೇ. ಆದರೆ ಕೊಳ್ಳುವವರಿಗೆ ಬೇಕಾದಾಗ, ಮಾರುವವರಿಗೆ ಲಾಭವಿರುವಾಗ ಕಾಯದೆಯೊಂದೇ ಏನು ಮಾಡೀತು?

"ಬೆಳ್ಳಗಿದ್ದರೆ ವರ ಸಿಗುತ್ತಾನೆ, ನಿನ್ನ ಒಳಚರ್ಮವನ್ನು ಯಾರು ನೋಡುತ್ತಾರೆ?" ಎಂದು ಕೇಳುವವರಿದ್ದಾರೆ. ಈ ಮಾತನ್ನು ನಾನು ಹಗುರಾಗಿ ತಳ್ಳಿಹಾಕಲಾರೆ. ಹೆಣ್ಣು ನೋಡಲು ಬಂದವರು ಬಣ್ಣವನ್ನು ನೋಡುವವರೆಗೂ ಹುಡುಗಿಯರು ಮುಲಾಮು ಹುಡುಕುತ್ತಲೇ ಇರುತ್ತಾರೆ. ಹಾಗಾದರೆ ತಪ್ಪಿನ ಪಾಲು ಹಚ್ಚಿಕೊಂಡವಳಿಗಿಂತ ನೋಡಲು ಬಂದವರದೇ ಹೆಚ್ಚು. ನಾಳೆ ಹೆಣ್ಣು ನೋಡಲು ಹೋಗಲಿರುವ ಹುಡುಗರು ಇದೇ ಕಾಲೇಜಿನ ಬೆಂಚುಗಳ ಮೇಲೆ ಕೂತಿದ್ದಾರೆ; ಈ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಅವರು. ಇನ್ನು ಕೆಲವರು, "ಚರ್ಮದ ಡಾಕ್ಟರರು ನಮ್ಮ ಹಳ್ಳಿಯಲ್ಲಿ ಎಲ್ಲಿದ್ದಾರೆ?" ಎನ್ನುತ್ತಾರೆ. ಹಳ್ಳಿಯಲ್ಲಿ ಇಲ್ಲ, ನಿಜ. ಆದರೆ 1957ರಿಂದ ನಡೆದು ಬಂದ ಸರಕಾರಿ ವೈದ್ಯಕೀಯ ಕಾಲೇಜು ಹುಬ್ಬಳ್ಳಿಯಲ್ಲಿದೆ. ಪೇಟೆಗೆ, ಲಗ್ನದ ಬಟ್ಟೆಗೆ ಹುಬ್ಬಳ್ಳಿಗೆ ಹೋಗಿಬರುವ ನಾವು ಮುಖಕ್ಕಾಗಿ ಅಲ್ಲಿಯ ದವಾಖಾನೆಗೆ ಒಂದು ದಿನ ಹೋಗಲಾರೆವೆ?

ಶಸ್ತ್ರಕ್ರಿಯೆಯನ್ನು ನಾನು ಹಳಿಯುತ್ತಿಲ್ಲ. ಬೆಂಕಿಯಲ್ಲಿ ಬೆಂದವರಿಗೆ, ತುಟಿ ಸೀಳಿಕೊಂಡು ಹುಟ್ಟಿದ ಕೂಸುಗಳಿಗೆ, ಅಪಘಾತದಲ್ಲಿ ಮುಖ ಕೆಟ್ಟವರಿಗೆ ಅದು ಎರಡನೆಯ ಜನ್ಮವನ್ನೇ ಕೊಡುತ್ತದೆ. ತಿಳಿದು, ವಿಚಾರಿಸಿ, ಸ್ವಂತ ದುಡ್ಡಿನಿಂದ ಮುಖ ಎತ್ತಿಸಿಕೊಳ್ಳುವವರನ್ನು ನಗುವ ಅಧಿಕಾರವೂ ನಮಗಿಲ್ಲ. ನಾನು ಹೇಳುವುದು ಇಷ್ಟೆ: ಕತ್ತಿಗಾದರೂ ಸರಿ, ಮುಲಾಮಿಗಾದರೂ ಸರಿ, ಚರ್ಮದ ದಪ್ಪ ಮತ್ತು ಗುಣವನ್ನು ಅರಿಯದೆ ಮುಖವನ್ನು ಒಪ್ಪಿಸಬಾರದು.

ಈ ದಿಸೆಯಲ್ಲಿ ನಮ್ಮ ಕಾಲೇಜು ಮಾಡಬಹುದಾದ ಕೆಲಸ ಬಹಳ ದೊಡ್ಡದೇನಲ್ಲ. ಪ್ರತಿವರ್ಷ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರಗಳಲ್ಲಿ ನಾವು ಗಟಾರ ಬಳಿಯುತ್ತೇವೆ, ಗಿಡ ನೆಡುತ್ತೇವೆ. ಒಂದು ಸಂಜೆ ಚರ್ಮವೈದ್ಯರೊಬ್ಬರನ್ನು ಕರೆಯಿಸಿ ಹಳ್ಳಿಯ ಹೆಣ್ಣುಮಕ್ಕಳ ಮುಂದೆ ಮಾತಾಡಿಸಬಹುದು. ಮನೆಯಲ್ಲಿರುವ ಮುಲಾಮಿನ ನಳಿಗೆಗಳನ್ನು ತರಲು ಹೇಳಿ, ಅವುಗಳ ಮೇಲೆ ಸಣ್ಣ ಅಕ್ಷರದಲ್ಲಿ ಇಂಗ್ಲಿಷಿನಲ್ಲಿ ಬರೆದ ಹೆಸರುಗಳನ್ನು ಓದಿ ಹೇಳಬಹುದು. ಇಷ್ಟು ಓದಿ ಅದನ್ನಾದರೂ ಮಾಡದಿದ್ದರೆ ನಮ್ಮ ಓದಿನ ಪ್ರಯೋಜನವೇನು? ತಿಂಗಳುಗಟ್ಟಲೆ ಹಚ್ಚಿದವರು ಒಮ್ಮೆಲೇ ಬಿಡದೆ ವೈದ್ಯರ ಸಲಹೆಯಿಂದಲೇ ಬಿಡಬೇಕೆಂದು ತಿಳಿಸಬೇಕು. ಹೊಲಕ್ಕೆ ಹೋಗುವವರಿಗೆ ಸೆರಗಿನ ಮೇಲೊಂದು ಅಗಲವಾದ ಅಂಚಿನ ಟೊಪ್ಪಿಗೆ ಅಥವಾ ದಪ್ಪ ಟಾವೆಲ್ಲು ಇರಲಿ. ನಡುಹಗಲಿನ ಎರಡು ತಾಸು ಮರದ ನೆರಳಿರಲಿ. ಇವಕ್ಕೆ ಹೆಚ್ಚಿನ ಖರ್ಚಿಲ್ಲ. ನಡುಹಗಲಿನ ಬಿಡುವನ್ನು ಮಾತ್ರ ಕೂಲಿಯವಳು ತಾನಾಗಿ ಪಡೆಯಲಾರಳು. ಕೂಲಿ ಕೊಡುವವರು ಕೊಡಬೇಕು. ನಮ್ಮಲ್ಲಿ ಹಲವರ ಮನೆಗಳು ಕೂಲಿ ಕೊಡುವ ಮನೆಗಳೇ ಆಗಿವೆ ಎಂಬುದನ್ನು ನೆನಪಿಸಿ ಈ ಬರಹವನ್ನು ಮುಗಿಸುತ್ತೇನೆ.